ಸಹಾಯ ಬೇಕು: ಪ್ರಿಂಟಿಂಗ್ ಲೈನಿನ ಸುದ್ದಿ ನಿಮಗೆ ಟೈಮಿಗೆ ಹೇಗೆ ಸಿಗುತ್ತದೆ?

ನಮಸ್ಕಾರ ಅಣ್ಣಂದಿರೆ, ಅಕ್ಕಂದಿರೆ. ಬಾಗಲಕೋಟೆಯಲ್ಲಿ ನನ್ನದು ಸಣ್ಣ ಆಫ್‌ಸೆಟ್ ಪ್ರೆಸ್. ಬಿಲ್ ಬುಕ್, ಲಗ್ನಪತ್ರಿಕೆ ಇದ್ದೇ ಇದೆ. ಆದರೆ ಜಾಸ್ತಿ ಕೆಲಸ ಕರದಂಟಿನ ಡಬ್ಬಿಗಳದ್ದು.

2025ರ ಸೆಪ್ಟೆಂಬರ್ 22ರಿಂದ ರಟ್ಟಿನ ಡಬ್ಬಿಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತಲ್ಲ, ಅದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಅಷ್ಟರಲ್ಲಿ ಹಳೇ ದರದಲ್ಲೇ ಮೂರು ಬಿಲ್ ಹಾಕಿಬಿಟ್ಟಿದ್ದೆ. ಗಿರಾಕಿಯ ಲೆಕ್ಕ ಬರೆಯುವವರು ಫೋನ್ ಮಾಡಿ ಹೇಳಿದರು. ಹತ್ತು ವರ್ಷದ ಗಿರಾಕಿ, ಅವರ ಮುಂದೆ ತಲೆ ತಗ್ಗಿಸುವ ಹಾಗಾಯಿತು. ಹೆಚ್ಚು ಹಾಕಿದ ತೆರಿಗೆ ಕಳೆಯುವ ಚೀಟಿ, ಅಂದರೆ ಕ್ರೆಡಿಟ್ ನೋಟ್ ಕೊಟ್ಟು ಸರಿ ಮಾಡಿದೆ.

ಈಗ ನಿಜವಾದ ತೊಂದರೆ ಬೇರೆಯೇ ಇದೆ. ಡಬ್ಬಿಗೆ ಶೇ. 5, ಆದರೆ ಅದಕ್ಕೆ ತರುವ ಡುಪ್ಲೆಕ್ಸ್ ಬೋರ್ಡಿಗೆ (ಡಬ್ಬಿ ಮಾಡುವ ರಟ್ಟಿಗೆ) 18 ಆಗಿದೆ. ಮೊದಲು ಎರಡೂ 12 ಇತ್ತು. ಬೋರ್ಡಿಗೆ ಕಟ್ಟಿದ ತೆರಿಗೆ ಡಬ್ಬಿಯ ತೆರಿಗೆಯಲ್ಲಿ ಪೂರ್ತಿ ವಜಾ ಆಗದೆ ಕ್ರೆಡಿಟ್ (ನಮಗೆ ಬರಬೇಕಾದ ಜಮೆ) ತಿಂಗಳು ತಿಂಗಳು ಬೆಳೆಯುತ್ತಿದೆ. ನಮ್ಮಂಥ ಸಣ್ಣವರಿಗೆ ಅದು ದುಡಿಯುವ ಬಂಡವಾಳ, ಸುಮ್ನೆ ಅಲ್ಲೇ ಕೂತರೆ ಮುಂದಿನ ಲೋಡ್ ಬೋರ್ಡ್ ತರುವುದು ಹೇಗೆ? ಜಿಎಸ್‌ಟಿ ವಾಪಸ್ ಕೇಳುವ ಆರ್‌ಎಫ್‌ಡಿ-01 ಅರ್ಜಿ ಹಾಕಿ ರೀಫಂಡ್ ಪಡೆದವರು ಬೆಳಗಾವಿ, ವಿಜಯಪುರ ಕಡೆ ಯಾರಾದರೂ ಇದ್ದೀರಾ? ಯಾವ ಕಾಗದ ಕೇಳಿದರು, ದುಡ್ಡು ಬರಲು ಎಷ್ಟು ದಿನ ಹಿಡಿಯಿತು, ದಯವಿಟ್ಟು ಹೇಳಿ.

ಇನ್ನೊಂದು ಮಾತು. ತೆರಿಗೆ, ಕಾಗದದ ರೇಟು, ಪ್ಲೇಟು, ಇಂಕು, ಫ್ಲೆಕ್ಸ್ ನಿಯಮ, ಇವುಗಳ ಸುದ್ದಿಯನ್ನು ನೀವು ಎಲ್ಲಿ ನೋಡುತ್ತೀರಿ? ಕನ್ನಡದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ನಮ್ಮ ಮಶಿನ್ ಹುಡುಗರೂ ಓದುತ್ತಾರೆ. ಪೇಪರ್ ಅಂಗಡಿಯವರು ಹೇಳುವುದು ರೇಟು ಏರಿದ ಮೇಲೆಯೇ ಅಲ್ವಾ.

ಇಲ್ಲೇ ಕಮೆಂಟಿನಲ್ಲಿ ಬರೆದರೆ ಬೇರೆ ಪ್ರೆಸ್‌ನವರಿಗೂ ಸಿಗುತ್ತದೆ.