ಮೊಲಕ್ಕೆ ಸೀನು, ಒಂದೇ ಕಣ್ಣಲ್ಲಿ ನೀರು, ಹುಲ್ಲು ಮುಟ್ತಿಲ್ಲ. ಇದು ನೆಗಡಿನಾ, ಹಲ್ಲಿನ ತೊಂದರೆನಾ?

ಬನಶಂಕರಿ_ಬೆಲ್ಲ

ಎಲ್ರಿಗೂ ನಮಸ್ಕಾರ. ಮೊಲ ಸಾಕಿರೋರು ಇದ್ರೆ ದಯವಿಟ್ಟು ಹೇಳಿ. ನಮ್ಮನೇಲಿ ಒಂದು ಲಾಪ್ ಮೊಲ (ಕಿವಿ ಜೋತು ಬಿದ್ದಿರೋ ಜಾತಿ) ಇದೆ, ಹೆಸರು ಬೆಲ್ಲ, ಗಂಡು, ನಾಲ್ಕು ವರ್ಷ. ಮೊದ್ಲು ಆಗಾಗ ಸೀನ್ತಿದ್ದ, ಪಕ್ಕದ ಸೈಟಲ್ಲಿ ಮನೆ ಕಟ್ತಿದಾರೆ, ಧೂಳಿಗೆ ಇರ್ಬೇಕು ಅಂತ ಇದ್ವಿ. ಈಗ ಎಡಗಡೆ ಹೊಳ್ಳೇಲಿ ಬಿಳೀ ಗೊಣ್ಣೆ, ಎಡಗಣ್ಣಲ್ಲಿ ಯಾವಾಗ್ಲೂ ನೀರು, ಬೆಳಗ್ಗೆ ನೋಡಿದ್ರೆ ಕಣ್ಣಿನ ಕೆಳಗೆ ಕೂದಲು ಗೀಜು ಅಂಟಿ ಗಟ್ಟಿಯಾಗಿರುತ್ತೆ, ಮುಂಗಾಲಲ್ಲಿ ಮೂಗು ಒರೆಸ್ಕೊಂಡು ಒರೆಸ್ಕೊಂಡು ಕಾಲಿನ ಒಳಗಡೆ ಕೂದಲೂ ಜಡೆ ಕಟ್ಟಿದೆ.

ಮನೆ ಹತ್ರದ ಡಾಕ್ಟರ್ ನೆಗಡಿ ಅಂದ್ರು, ಕಣ್ಣಿಗೆ ಡ್ರಾಪ್ಸು, ಕುಡಿಯೋಕೆ ಒಂದು ಸಿರಪ್ ಕೊಟ್ರು. ಹಾಕಿದಷ್ಟು ದಿನ ಕಡಿಮೆ, ನಿಲ್ಲಿಸಿದ ತಕ್ಷಣ ಮತ್ತೆ ಶುರು. ಬಾಯಿ ಅವ್ರು ನೋಡ್ಲಿಲ್ಲ, ಮುಂದಿನ ಹಲ್ಲು ನೋಡಿ ಸರಿಯಾಗಿದೆ ಅಂದ್ರು ಅಷ್ಟೇ. ಆದ್ರೆ ನಂಗೆ ಅನುಮಾನ ಏನಂದ್ರೆ ಅವನು ಹುಲ್ಲು ತಿನ್ನೋದು ಬಿಟ್ಟಿದಾನೆ. ತಟ್ಟೆ ಹತ್ರ ಓಡಿ ಬರ್ತಾನೆ, ಬಾಯಿಗೆ ತಗೋತಾನೆ, ಆಮೇಲೆ ಉಗುಳ್ತಾನೆ. ಪೆಲೆಟ್ (ಗುಳಿಗೆ ತರ ಇರೋ ರೆಡಿಮೇಡ್ ಒಣ ಆಹಾರ) ತಿಂತಾನೆ, ಕೊತ್ತಂಬರಿ ಸೊಪ್ಪು ಸಣ್ಣಗೆ ಹೆಚ್ಚಿ ಕೊಟ್ರೆ ತಿಂತಾನೆ. ಹಿಕ್ಕೆ ಸಣ್ಣ ಆಗಿದೆ.

ಪಕ್ಕದ ಮನೆ ಆಂಟಿ ಅವ್ರ ಮಗುಗೆ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಮಿಕ್ಕಿದೆ, ಎರಡು ಹನಿ ಹಾಕಮ್ಮ ಅಂತಿದಾರೆ. ಹಾಕ್ಬೋದಾ? ಹಲ್ಲಿಗೂ ಕಣ್ಣಿಗೂ ಸಂಬಂಧ ಇರುತ್ತಾ? ಬೆಂಗಳೂರಲ್ಲಿ ಮೊಲದ ಬಾಯಿ ಸರಿಯಾಗಿ ನೋಡೋರು ಎಲ್ಲಿ ಸಿಗ್ತಾರೆ? ಅನಸ್ತೇಶಿಯಾ ಕೊಟ್ರೆ ಮೊಲ ಉಳಿಯಲ್ಲ ಅಂತಾರಲ್ಲ, ಅದೂ ಭಯ.

ಯಲಹಂಕ_ಕಿವಿಗಳು

ಮೇಡಂ ಮಿಕ್ಕಿದ್ದೆಲ್ಲ ಆಮೇಲೆ, ಮೊದ್ಲು ಆ ಸಿರಪ್ ವಾಪಸ್ ಕೊಟ್ಬಿಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಇವನ್ನ ಮೊಲಕ್ಕೆ ಬಾಯಲ್ಲಿ ಕೊಡ್ಲೇಬಾರ್ದು. ಹೊಟ್ಟೆಲಿರೋ ಒಳ್ಳೇ ಬ್ಯಾಕ್ಟೀರಿಯಾ ಸತ್ತು ಕ್ಲಾಸ್ಟ್ರಿಡಿಯಮ್ ಅನ್ನೋ ಕೆಟ್ಟ ಬ್ಯಾಕ್ಟೀರಿಯಾ ಬೆಳ್ಕೊಂಡು ಅದರ ವಿಷಕ್ಕೆ ಮೊಲ ಕೆಲವೇ ದಿನದಲ್ಲಿ ಹೋಗ್ಬಿಡುತ್ತೆ. ಆಂಟಿ ಒಳ್ಳೇ ಮನಸ್ಸಿಂದಾನೇ ಹೇಳಿರ್ತಾರೆ, ಆದ್ರೂ ಬೇಡ. ಸ್ಟೀರಾಯ್ಡ್ ಇರೋ ಕಣ್ಣಿನ ಡ್ರಾಪ್ಸೂ ಬೇಡ, ಮೊಲಕ್ಕೆ ಅದು ಆಗ್ಬರಲ್ಲ, ಈಗ ಹಾಕ್ತಿರೋ ಬಾಟಲಿ ಮೇಲೆ ಡೆಕ್ಸಾಮೆಥಸೋನ್ ಅಂತ ಇದ್ಯಾ ನೋಡಿ, ಇದ್ರೆ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಕೇಳಿ.

ಇನ್ನೊಂದು, ಅವನು ಹತ್ತು ಹನ್ನೆರಡು ಗಂಟೆ ಏನೂ ತಿನ್ಲಿಲ್ಲ ಅಥವಾ ಹಿಕ್ಕೆ ನಿಂತೋಯ್ತು ಅಂದ್ರೆ ಬೆಳಗ್ಗೆ ಆಗ್ಲಿ ಅಂತ ಕಾಯ್ಬೇಡಿ. ಬಾಯಿ ತೆಗೆದು ಉಸಿರಾಡೋಕೆ ಶುರು ಮಾಡಿದ್ರೂ ಅಷ್ಟೇ. ಮೊಲ ಉಸಿರಾಡೋದು ಮೂಗಲ್ಲೇ, ಬಾಯಿಗೆ ಬಂತು ಅಂದ್ರೆ ಎಮರ್ಜೆನ್ಸಿ.

ಹಸಿರುಹುಲ್ಲು_ಜಯನಗರ

ನಿಮ್ಮ ಅನುಮಾನ ಸರಿ ಇದೆ ಅಕ್ಕ. ಒಂದೇ ಕಣ್ಣು, ಅದೇ ಕಡೆ ಹೊಳ್ಳೆ, ಜೊತೆಗೆ ಹುಲ್ಲು ಬಿಟ್ಟಿರೋದು, ಈ ಮೂರೂ ಒಟ್ಟಿಗೆ ಇದ್ರೆ ನಾನು ಮೊದ್ಲು ಹಲ್ಲನ್ನೇ ನೋಡ್ಸೋದು. ನಮ್ಮ ಹೆಣ್ಣು ಮೊಲಕ್ಕೆ ಇದೇ ಆಗಿತ್ತು, ಆವಾಗ ಎಲ್ಲಾ ಓದ್ಕೊಂಡಿದ್ದು.

ಮೊಲಕ್ಕೆ ಒಟ್ಟು 28 ಹಲ್ಲು. ನಮಗೆ ಕಾಣೋದು ಮುಂದಿನ ಬಾಚಿ ಹಲ್ಲು ಮಾತ್ರ, ಮೇಲಿನ ಎರಡು ದೊಡ್ಡ ಹಲ್ಲಿನ ಹಿಂದೆ ಇನ್ನೆರಡು ಪುಟ್ಟ ಹಲ್ಲು ಬೇರೆ ಇರುತ್ತೆ. ಉಳಿದ 22 ಕೆನ್ನೆ ಒಳಗೆ ಹಿಂದೆ ಇರೋ ದವಡೆ ಹಲ್ಲು. ಎಲ್ಲಾನೂ ಸಾಯೋ ತನಕ ಬೆಳೀತಾನೇ ಇರುತ್ತೆ, ಬಾಚಿ ಹಲ್ಲಂತೂ ವಾರಕ್ಕೆ ಹತ್ತತ್ರ 2 ಮಿಲಿಮೀಟರ್. ಹುಲ್ಲನ್ನ ಅಕ್ಕಪಕ್ಕ ಅರೆದು ಅರೆದು ತಿಂದ್ರೇನೇ ಹಿಂದಿನ ಹಲ್ಲು ಸವೆಯೋದು. ಪೆಲೆಟ್ಟು ಗಟ್ಟಿ ಇದೆ, ಹಲ್ಲು ಸವೆಯುತ್ತೆ ಅಂತ ಸುಮಾರು ಜನ ನಂಬಿದಾರೆ, ಆದ್ರೆ ಅದನ್ನ ಅದು ಕಟಕಟ ಅಂತ ಪುಡಿ ಮಾಡಿ ನುಂಗ್ಬಿಡುತ್ತೆ, ಅರೆಯೋದೇ ಇಲ್ಲ.

ಸವೆದಿಲ್ಲ ಅಂದ್ರೆ ಎರಡು ಆಗುತ್ತೆ. ಒಂದು, ಹಲ್ಲಿನ ಅಂಚು ಮುಳ್ಳಾಗಿ ಬೆಳೆದು ಕೆಳಗಿನದು ನಾಲಿಗೆಗೆ, ಮೇಲಿನದು ಕೆನ್ನೆಗೆ ಚುಚ್ಚುತ್ತೆ, ಹಸಿವಿದ್ರೂ ಬಾಯಿಗೆ ತಗೊಂಡು ಉಗುಳೋದು ಅದಕ್ಕೇ. ಎರಡನೇದು ಹೊರಗೆ ಕಾಣಲ್ಲ, ಹಲ್ಲು ಮೇಲೆ ಬೆಳೆಯೋಕೆ ಜಾಗ ಇಲ್ದೆ ಬೇರು ಹಿಂದಕ್ಕೆ, ಮೂಳೆ ಒಳಗೆ ನುಗ್ಗುತ್ತೆ. ಕಣ್ಣಿಂದ ಮೂಗಿಗೆ ಕಣ್ಣೀರು ಇಳಿಯೋ ಸಣ್ಣ ನಾಳ ಮೇಲಿನ ಹಲ್ಲುಗಳ ಬೇರಿನ ಪಕ್ಕದಲ್ಲೇ ಹಾದು ಹೋಗುತ್ತೆ. ಬೇರು ಒತ್ತಿದ್ರೆ ನಾಳ ಕಟ್ಕೊಂಡು ಕಣ್ಣೀರು ಕೆನ್ನೆ ಮೇಲೆ ಹರಿಯುತ್ತೆ, ಒಳಗೆ ನಿಂತಿದ್ದು ಕೀವಾಗುತ್ತೆ, ಅದೇ ಮೂಗಿಗೂ ಬರುತ್ತೆ. ಇಷ್ಟಕ್ಕೆಲ್ಲ ಬರೀ ಕಣ್ಣಿಗೆ ಡ್ರಾಪ್ಸ್ ಹಾಕಿದ್ರೆ ಎಷ್ಟು ದಿನ ಅಂತ ನಿಲ್ಲುತ್ತೆ ಹೇಳಿ.

ಮನೇಲಿ ಒಂದು ಕೆಲಸ ಮಾಡಿ. ಕೆಳದವಡೆಯ ಅಡಿ ಅಂಚಲ್ಲಿ ಬೆರಳಿಟ್ಟು ಮೆಲ್ಲಗೆ ಎರಡೂ ಕಡೆ ಸವರಿ ನೋಡಿ. ಗಂಟು ಗಂಟು ಸಿಕ್ಕಿದ್ರೆ ಕೆಳಗಿನ ಬೇರೂ ಬೆಳೆದಿದೆ ಅಂತ. ಒಂದೇ ಕಡೆ ದೊಡ್ಡ ಗಟ್ಟಿ ಊತ ಇದ್ರೆ ಬೇರಿಗೆ ಕೀವು ಆಗಿರ್ಬೋದು, ಮೊಲದ ಕೀವು ಟೂತ್‌ಪೇಸ್ಟ್ ತರ ಗಟ್ಟಿ, ಸೂಜಿ ಚುಚ್ಚಿ ತೆಗೆಯೋಕೆ ಬರಲ್ಲ. ಗದ್ದ ಒದ್ದೆ ಇದ್ರೆ ಜೊಲ್ಲು ಸುರಿಸ್ತಿದಾನೆ ಅಂತ, ಅದೂ ಹಲ್ಲಿನ ಲಕ್ಷಣಾನೇ.

ಪೆಟ್_ಲವರ್_ಆರ್‌ಟಿ_ನಗರ

ನಮ್ ಕಡೆ ಮುಂದಿನ ಹಲ್ಲು ಉದ್ದ ಆದ್ರೆ ನಾವೇ ಉಗುರು ಕತ್ತರಿಸೋದ್ರಲ್ಲಿ ಕಟ್ ಮಾಡ್ತೀವಿ, ಐದು ನಿಮಿಷದ ಕೆಲಸ, ಡಾಕ್ಟರ್ ಹತ್ರ ಹೋದ್ರೆ ಸುಮ್ನೆ ಸಾವಿರಗಟ್ಲೆ ಖರ್ಚು.

ಪಶುವೈದ್ಯ_ಸ್ಟೂಡೆಂಟ್

@ಪೆಟ್_ಲವರ್ ಅಣ್ಣ, ದಯವಿಟ್ಟು ನಿಲ್ಲಿಸಿ. ಕತ್ತರಿ ಒತ್ತಿದಾಗ ಹಲ್ಲು ಉದ್ದಕ್ಕೆ ಬೇರಿನ ತನಕ ಸೀಳು ಬಿಡುತ್ತೆ, ಒಳಗಿನ ನರ ತೆರ್ಕೊಂಡು ವಿಪರೀತ ನೋವು, ಅಲ್ಲಿಂದಾನೇ ಕೀವು ಶುರು ಆಗೋದು. ಡಾಕ್ಟರ್‌ಗಳು ಡ್ರಿಲ್ಲಿನಂಥ ಬರ್‌ನಲ್ಲಿ ನಿಧಾನಕ್ಕೆ ಸವೆಸ್ತಾರೆ. ಮುಂದಿನ ಹಲ್ಲು ಪದೇ ಪದೇ ವಕ್ರ ಆಗ್ತಿದ್ರೆ ಪೂರ್ತಿ ಕೀಳ್ಸೋದೇ ಒಳ್ಳೇದು, ಸೊಪ್ಪು ಹೆಚ್ಚಿ ಕೊಟ್ರೆ ತುಟೀಲೇ ಎತ್ಕೊಂಡು ಚೆನ್ನಾಗಿ ತಿನ್ನುತ್ತೆ.

ಬೆಲ್ಲನ ಬಗ್ಗೆ. ಹಲ್ಲು ಅಂತ ಇಲ್ಲಿ ಕೂತು ತೀರ್ಮಾನ ಮಾಡೋಕಾಗಲ್ಲ, ಇನ್ಫೆಕ್ಷನ್ನೂ ಇರ್ಬೋದು. ಪಾಶ್ಚುರೆಲ್ಲಾ ಮಲ್ಟೋಸಿಡಾ ಅನ್ನೋ ಬ್ಯಾಕ್ಟೀರಿಯಾ ಮೊಲಗಳ ಮೂಗಲ್ಲಿ ತುಂಬಾ ಕಾಮನ್ನು, ಬೋರ್ಡೆಟೆಲ್ಲಾ, ಸ್ಟ್ಯಾಫಿಲೊಕಾಕಸ್ ಕೂಡ ಸಿಗುತ್ತೆ, ಮುಂಗಾಲು ಜಡೆ ಕಟ್ಟೋದು ಅದಕ್ಕೂ ಆಗುತ್ತೆ. ಎಷ್ಟೋ ಸಲ ಎರಡೂ ಒಟ್ಟಿಗೆ ಇರುತ್ತೆ. ಅದಕ್ಕೇ ಡಾಕ್ಟರ್ ಹತ್ರ ಇಷ್ಟು ಕೇಳಿ: ಓಟೋಸ್ಕೋಪ್ (ಕಿವಿ ನೋಡೋ ಲೈಟಿರೋ ಉಪಕರಣ) ಹಾಕಿ ಹಿಂದಿನ ಹಲ್ಲು ನೋಡೋದು, ತಲೆಯ ಎಕ್ಸ್‌ರೇ ಬೇರೆ ಬೇರೆ ಆಂಗಲಲ್ಲಿ, ಗೊಣ್ಣೆಯ ಕಲ್ಚರ್ ಮತ್ತು ಸೆನ್ಸಿಟಿವಿಟಿ ಟೆಸ್ಟ್ (ಯಾವ ಬ್ಯಾಕ್ಟೀರಿಯಾ ಇದೆ, ಯಾವ ಔಷಧಿ ಅದಕ್ಕೆ ನಾಟುತ್ತೆ ಅಂತ ನೋಡೋದು). ಎಚ್ಚರ ಇರೋ ಮೊಲದ ಬಾಯಲ್ಲಿ ಎಲ್ಲಾ ಕಾಣಲ್ಲ, ಬಾಯಿ ಕಿರಿದು, ನಾಲಿಗೆ ಅಡ್ಡ ಬರುತ್ತೆ, ಏನೂ ಕಾಣ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತ ಅಲ್ಲ. ಬೇರಿನ ಸ್ಥಿತಿ ಎಕ್ಸ್‌ರೇಲಿ, ಇನ್ನೂ ಚೆನ್ನಾಗಿ ಸಿಟಿ ಸ್ಕ್ಯಾನಲ್ಲಿ ಗೊತ್ತಾಗುತ್ತೆ.

ಅನಸ್ತೇಶಿಯಾ ಭಯ ಸುಳ್ಳಲ್ಲ, ನೇರವಾಗೇ ಹೇಳ್ತೀನಿ. ಬ್ರಿಟನ್ನಿಂದ 2008ರಲ್ಲಿ ಬಂದ ದೊಡ್ಡ ಸ್ಟಡೀಲಿ ಅನಸ್ತೇಶಿಯಾಗೆ ಸಂಬಂಧಪಟ್ಟ ಸಾವು ನಾಯಿಗಳಲ್ಲಿ 0.17%, ಮೊಲಗಳಲ್ಲಿ 1.39%. ಆದ್ರೆ ಆರೋಗ್ಯವಾಗಿರೋ ಮೊಲ ಮಾತ್ರ ತಗೊಂಡ್ರೆ 0.73%, ಕಾಯಿಲೆ ಜಾಸ್ತಿ ಆಗಿರೋದ್ರಲ್ಲಿ 7% ದಾಟಿತ್ತು. ಅಂದ್ರೆ ತಡ ಮಾಡಿದಷ್ಟೂ ಅಪಾಯ ಜಾಸ್ತಿ, ಸೊರಗೋ ತನಕ ಕಾಯೋದು ತಪ್ಪು. ಸತ್ತವುಗಳಲ್ಲಿ ಹೆಚ್ಚಿನವು ಸತ್ತಿದ್ದು ಆಪರೇಷನ್ ಮುಗಿದ್ಮೇಲೆ, ಅದಕ್ಕೇ ಎದ್ದ ಮೇಲೆ ಬೆಚ್ಚಗಿಟ್ಟು ನೋಡ್ಕೊಳ್ಳೋರು ಯಾರು ಅಂತ ಮೊದ್ಲೇ ಕೇಳಿ. ಮತ್ತೆ ಯಾರಾದ್ರೂ ಹಿಂದಿನ ರಾತ್ರಿಯಿಂದ ಉಪವಾಸ ಇಡಿ ಅಂದ್ರೆ ಆ ಜಾಗ ಬಿಟ್ಬಿಡಿ. ಮೊಲಕ್ಕೆ ವಾಂತಿ ಮಾಡೋಕೇ ಬರಲ್ಲ, ಉಪವಾಸ ಇಟ್ರೆ ಹೊಟ್ಟೆ ಓಡೋದು ನಿಲ್ಲುತ್ತೆ. ಈ ಒಂದು ಪ್ರಶ್ನೆ ಸಾಕು, ಡಾಕ್ಟರಿಗೆ ಮೊಲದ ಅನುಭವ ಇದ್ಯಾ ಇಲ್ವಾ ಅಂತ ಗೊತ್ತಾಗೋಕೆ. ಹೆಬ್ಬಾಳದ ವೆಟರ್ನರಿ ಕಾಲೇಜ್ ಆಸ್ಪತ್ರೇಲಿ ವಿಚಾರಿಸಿ, ಇಲ್ಲಾಂದ್ರೆ ಎಕ್ಸಾಟಿಕ್ (ನಾಯಿ ಬೆಕ್ಕು ಬಿಟ್ಟು ಬೇರೆ ಸಾಕುಪ್ರಾಣಿ) ನೋಡ್ತೀವಿ ಅನ್ನೋ ಪ್ರೈವೇಟ್ ಕ್ಲಿನಿಕ್ಕಿಗೆ ಫೋನ್ ಮಾಡಿ, ಮೊಲದ ದವಡೆ ಹಲ್ಲು ಬರ್ ಮಾಡ್ತೀರಾ ಅಂತ ನೇರ ಕೇಳಿ.

ಹಸಿರುಹುಲ್ಲು_ಜಯನಗರ

ಕರ್ಕೊಂಡು ಹೋಗುವಾಗ ಬುಟ್ಟೀಲಿ ಅವನು ತಿನ್ನೋ ಸೊಪ್ಪು ಹಾಕಿಡಿ ಅಕ್ಕ, ಸಿಲ್ಕ್ ಬೋರ್ಡ್ ಕಡೆ ಸಿಕ್ಕಾಕೊಂಡ್ರೆ ಎಷ್ಟೊತ್ತಾಗುತ್ತೋ. ಮಧ್ಯಾಹ್ನದ ಬಿಸಿಲಲ್ಲಿ ಆಟೋ ಬೇಡ, ಮೊಲಕ್ಕೆ ಸೆಕೆ ತಡೆಯಲ್ಲ, ಮೂಗು ಕಟ್ಟಿರುವಾಗ ಇನ್ನೂ ಕಷ್ಟ. ಮನೇಲಿ ಅಗರಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿ ಅವನಿರೋ ರೂಮಲ್ಲಿ ಬೇಡವೇ ಬೇಡ, ನೆಲಕ್ಕೆ ಫಿನಾಯಿಲ್ಲೂ ಬೇಡ. ಉಚ್ಚೆ ಹೋಗೋ ಟ್ರೇ ದಿನಾ ತೊಳೀರಿ, ಅದರ ಅಮೋನಿಯಾ ಘಾಟಿಗೇ ಮೂಗಿನ ಒಳಪದರ ಹಾಳಾಗೋದು. ಮರದ ಹೊಟ್ಟು ಹಾಸಿದ್ರೆ ತೆಗೀರಿ.

ಬನಶಂಕರಿ_ಬೆಲ್ಲ

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಮೊಲದ ಅನುಭವ ಇರೋ ಡಾಕ್ಟರ್ ಸಿಕ್ರು, ಉಪವಾಸದ ಪ್ರಶ್ನೆ ಕೇಳಿದ್ದಕ್ಕೆ ಬೇಡವೇ ಬೇಡ, ಬರೋ ತನಕ ತಿನ್ಸಿ ಅಂದ್ರು, ಅಲ್ಲೇ ಧೈರ್ಯ ಬಂತು. ಎಕ್ಸ್‌ರೇಲಿ ಎಡಗಡೆ ಮೇಲಿನ ದವಡೆ ಹಲ್ಲಿನ ಬೇರು ಕಣ್ಣಿನ ಕಡೆಗೆ ಬೆಳೆದಿದೆ, ಕೆಳಗಡೆ ಒಂದು ಹಲ್ಲು ಮುಳ್ಳಾಗಿ ನಾಲಿಗೆ ಪಕ್ಕ ಹುಣ್ಣು ಮಾಡಿತ್ತು. ಪಾಪ ಎಷ್ಟು ದಿನದಿಂದ ನೋವು ತಿಂದಿದಾನೋ, ಮೊಲ ಹೇಳ್ಕೊಳ್ಳೋದೇ ಇಲ್ವಲ್ಲ. ಮುಳ್ಳು ಸವೆಸಿದ್ರು, ಕಣ್ಣಿನ ಕೆಳರೆಪ್ಪೆಯ ತೂತಿಂದ ಸಲೈನ್ ಬಿಟ್ಟು ನಾಳ ತೊಳೆದ್ರು, ಹೊಳ್ಳೆಯಿಂದ ಬಿಳೀ ಕೀವು ಹೊರಗೆ ಬಂತು ಅಂದ್ರು. ನೋವಿಗೆ ಮೆಲಾಕ್ಸಿಕ್ಯಾಮ್, ಕಲ್ಚರ್ ರಿಪೋರ್ಟ್ ನೋಡ್ಕೊಂಡು ಎನ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯೋಟಿಕ್ ಬರೆದಿದಾರೆ. ಬೆಳೆದ ಬೇರು ವಾಪಸ್ ಹೋಗಲ್ಲ, ಆಗಾಗ ಬಂದು ತೋರಿಸ್ತಾ ಇರ್ಬೇಕು ಅಂದಿದಾರೆ.

ಈಗ ತಿಂತಿದಾನೆ! ಆದ್ರೆ ಒಣ ಟಿಮೊಥಿ ಹುಲ್ಲು ಬರೀ ಮೂಸಿ ಬಿಡ್ತಾನೆ, ಗರಿಕೆ ಕೊಟ್ರೆ ಮಾತ್ರ ತಿಂತಾನೆ. ಗಾಂಧಿ ಬಜಾರಲ್ಲಿ ಪೂಜೆಗೆ ಮಾರ್ತಾರಲ್ಲ, ಅದು ದಿನಾ ಕೊಡ್ಬೋದಾ? ಕುದುರೆ ಮಸಾಲೆ ಸೊಪ್ಪು?

ಯಲಹಂಕ_ಕಿವಿಗಳು

ಓದಿ ಬಹಳ ಖುಷಿ ಆಯ್ತು ಮೇಡಂ. ಗರಿಕೆ ಧಾರಾಳವಾಗಿ ಕೊಡಿ, ಹಸಿ ಹುಲ್ಲೂ ಹಲ್ಲು ಅರೆಸುತ್ತೆ. ಮಾರ್ಕೆಟ್ಟಿಂದ ತಂದಿದ್ದನ್ನ ಎರಡು ಮೂರು ನೀರಲ್ಲಿ ತೊಳೆದು ನೀರು ಇಳಿಸಿ, ಔಷಧಿ ಹೊಡೆದಿರೋ ಪಾರ್ಕಿನ ಹುಲ್ಲು, ನಾಯಿ ಓಡಾಡೋ ಜಾಗದ್ದು ಬೇಡ. ಒಂದೇ ಸಲಕ್ಕೆ ರಾಶಿ ಹಾಕದೆ ದಿನ ದಿನ ಜಾಸ್ತಿ ಮಾಡ್ತಾ ಹೋಗಿ. ಒಂದು ಭಾಗ ನೆರಳಲ್ಲಿ ಒಣಗಿಸಿ ಟಿಮೊಥಿ ಜೊತೆ ಬೆರೆಸಿ, ಹಂಗೇ ರೂಢಿ ಆಗುತ್ತೆ. ಮೂಟೇಲಿ ಸಿಗೋ ಹಳೇ ಧೂಳು ಹುಲ್ಲು ಬೇಡ, ಮುಗ್ಗಲು ವಾಸನೆ ಇದ್ರೆ ಎಸೀರಿ.

ಕುದುರೆ ಮಸಾಲೆ ಸೊಪ್ಪಲ್ಲಿ ಕ್ಯಾಲ್ಸಿಯಂ, ಪ್ರೋಟೀನ್ ಜಾಸ್ತಿ, ಅದು ಬೆಳೆಯೋ ಮರಿಗಳಿಗೆ. ದೊಡ್ಡವನಿಗೆ ದಿನಾ ಕೊಟ್ರೆ ಉಚ್ಚೆಲಿ ಸುಣ್ಣದಂಗೆ ಗಷ್ಟು ಕಟ್ಟುತ್ತೆ. ಪೆಲೆಟ್ ಒಮ್ಮೆಗೇ ನಿಲ್ಲಿಸ್ಬೇಡಿ, ನಾಲಿಗೆ ಹುಣ್ಣು ಮಾಯೋ ತನಕ ಅವನಿಗೆ ಅದೇ ಆಧಾರ, ಆಮೇಲೆ ನಿಧಾನಕ್ಕೆ ಇಳಿಸಿ.

ಮನೇಲಿ ಅಡುಗೆ ತೂಕದ ಡಿಜಿಟಲ್ ತಕ್ಕಡಿ ಇದ್ರೆ ವಾರಕ್ಕೊಂದ್ಸಲ ಬುಟ್ಟೀಲಿ ಕೂರಿಸಿ ತೂಗಿ ಬರೆದಿಡಿ. ಮೈ ತುಂಬಾ ಕೂದಲಿರೋದ್ರಿಂದ ಇಳಿದಿದ್ದು ಕಣ್ಣಿಗೆ ಕಾಣಲ್ಲ, ತೂಕ ಎರಡು ವಾರ ಸತತ ಇಳೀತು ಅಂದ್ರೆ ಕಣ್ಣಲ್ಲಿ ನೀರು ಬರೋಕೆ ಕಾಯದೆ ಹೋಗಿ ಬಾಯಿ ತೋರಿಸಿ.