ಮಲಯಾಳಂ ವಿಕಿಯಲ್ಲಿ ಕೈಕೊಡುತ್ತಿರುವ ವರ್ಗ ಸೇರಿಸುವ ಸ್ಕ್ರಿಪ್ಟ್

ಕುಂಬಳೆಕಡಲು:
ನಾನು ಕನ್ನಡ, ಮಲಯಾಳಂ ಎರಡೂ ವಿಕಿಪೀಡಿಯಗಳಲ್ಲಿ ಬರೆಯುತ್ತೇನೆ. ಬೇಕಲ ಕೋಟೆ, ಚಂದ್ರಗಿರಿ ಹೊಳೆ, ಅನಂತಪುರದ ಕೆರೆ ದೇವಸ್ಥಾನ, ಹೀಗೆ ಕಾಸರಗೋಡಿನ ಪುಟಗಳೇ ಜಾಸ್ತಿ. ಒಂದೇ ಕ್ಲಿಕ್ಕಿಗೆ ಪುಟಕ್ಕೆ ವರ್ಗ (ಒಂದೇ ವಿಷಯದ ಪುಟಗಳ ಗುಂಪು) ಸೇರಿಸುವ ಸ್ಕ್ರಿಪ್ಟ್, ಅಂದರೆ ಚಿಕ್ಕ ಕೋಡ್, ಒಂದು ಕನ್ನಡದಲ್ಲಿ ಚೆನ್ನಾಗಿ ಓಡುತ್ತಿದೆ. ಅದನ್ನೇ ಮಲಯಾಳಂ ವಿಕಿಯ ನನ್ನ ಕಾಮನ್.ಜೆಎಸ್ ಪುಟಕ್ಕೆ (ಆ ವಿಕಿಯಲ್ಲಿ ನನಗಾಗಿ ಓಡುವ ಕೋಡ್ ಇಡುವ ಜಾಗ) ಹಾಕಿದೆ. ಬಟನ್ ಒತ್ತಿದರೆ ಪುಟದ ಕೊನೆಯಲ್ಲಿ ‘ವರ್ಗ:ಕಾಸರಗೋಡು ಜಿಲ್ಲೆ’ ಅಂತ ಕೆಂಪು ಕೊಂಡಿ (ಇಲ್ಲದ ಪುಟದ ಲಿಂಕ್) ಬೀಳುತ್ತದೆ, ವರ್ಗ ಮಾತ್ರ ಸೇರುವುದಿಲ್ಲ. ಕೆಲವು ಸಲ ಬಟನ್ನೇ ಕಾಣುವುದಿಲ್ಲ, ರಿಫ್ರೆಶ್ ಮಾಡಿದರೆ ಬರುತ್ತದೆ. ಏನು ಕತೆ ಇದು?

ಹೊಸೂರುವಾಸಿ:
ಇವು ಎರಡು ಬೇರೆ ಬೇರೆ ತೊಂದರೆ ಮಾರಾಯ್ರೆ.

ಕೆಂಪು ಕೊಂಡಿಗೆ ಕಾರಣ, ಸ್ಕ್ರಿಪ್ಟ್ ಬರೆದವರು ‘ವರ್ಗ:’ ಅಂತ ಕೋಡಿನೊಳಗೇ ಕೂರಿಸಿದ್ದಾರೆ. ಮಲಯಾಳಂ ವಿಕಿಗೆ ಅದು ವರ್ಗ ಅಂತ ಗೊತ್ತೇ ಆಗುವುದಿಲ್ಲ, ಬರೀ ಒಂದು ಪುಟದ ಹೆಸರು ಅಂದುಕೊಳ್ಳುತ್ತದೆ. ಇಂಗ್ಲಿಷಿನ ‘ಕೆಟಗರಿ:’ ಹಾಕಿದರೆ ಎಲ್ಲ ವಿಕಿಗಳಲ್ಲೂ ನಡೆಯುತ್ತದೆ. ಇನ್ನೂ ಒಳ್ಳೆಯದು, ವಿಕಿಯ ಸೆಟ್ಟಿಂಗ್ ಹೇಳುವ ಎಂಡಬ್ಲ್ಯೂ.ಕಾನ್ಫಿಗ್‌ನಿಂದ ಡಬ್ಲ್ಯೂಜಿ‌ಫಾರ್ಮ್ಯಾಟೆಡ್‌ನೇಮ್‌ಸ್ಪೇಸಸ್ (ಪುಟಗಳ ಬಗೆಗಳ ಹೆಸರಿನ ಪಟ್ಟಿ) ಕೇಳಿ 14ನೆಯದನ್ನು, ಅಂದರೆ ವರ್ಗದ್ದನ್ನು, ತೆಗೆದುಕೊಳ್ಳುವುದು. ಆಯಾ ವಿಕಿಯ ಹೆಸರು ತಾನಾಗಿಯೇ ಬರುತ್ತದೆ.

ಬಟನ್ ಮಾಯವಾಗುವುದು ಲೋಡಿಂಗ್ ಸರದಿಯ ಸಮಸ್ಯೆ ಇರಬೇಕು. ಎಫ್12 ಒತ್ತಿ ಬ್ರೌಸರಿನ ಕನ್ಸೋಲ್ (ಕೋಡಿನ ತಪ್ಪು ತೋರಿಸುವ ಜಾಗ) ನೋಡಿ. ಆಡ್‌ಪೋರ್ಟ್‌ಲೆಟ್‌ಲಿಂಕ್ (ಬಟನ್ ಸೇರಿಸುವ ಆಜ್ಞೆ) ಇರುವ ಸಾಲಿನಲ್ಲಿ ಕೆಂಪು ಎರರ್ ಇದ್ದರೆ, ಮೀಡಿಯಾವಿಕಿ.ಯುಟಿಲ್ (ಆ ಆಜ್ಞೆ ಇರುವ ಭಾಗ) ಬರುವ ಮೊದಲೇ ನಿಮ್ಮ ಕೋಡ್ ಓಡಿದೆ. ಇಡೀ ಕೋಡನ್ನು ಎಂಡಬ್ಲ್ಯೂ.ಲೋಡರ್.ಯೂಸಿಂಗ್ ಒಳಗೆ ಹಾಕಿ, ಆ ಭಾಗ ಬರುವ ತನಕ ಕೋಡ್ ಕಾಯುತ್ತದೆ, ಸರಿಹೋಗುತ್ತದೆ.

ಆದರೆ ವಿಕಿಗೊಂದು ಪ್ರತಿ ಇಡಬೇಡಿ. ಒಂದು ಕಡೆ ಸರಿಪಡಿಸಿದ್ದು ಇನ್ನೊಂದು ಕಡೆ ಹಾಗೇ ಉಳಿಯುತ್ತದೆ. ಹಾಟ್‌ಕ್ಯಾಟ್ (ವರ್ಗ ಸೇರಿಸುವ ಇನ್ನೊಂದು ಸ್ಕ್ರಿಪ್ಟ್) ನೋಡಿ, ಮೂಲ ವಿಕಿಮೀಡಿಯ ಕಾಮನ್ಸ್‌ನಲ್ಲಿದೆ, ಎಷ್ಟೋ ವಿಕಿಗಳು ಅಲ್ಲಿಂದಲೇ ಲೋಡ್ ಮಾಡಿಕೊಳ್ಳುತ್ತವೆ. ನಿಮ್ಮದನ್ನು ಮೆಟಾ ವಿಕಿಯ (ಎಲ್ಲ ವಿಕಿಗಳಿಗೂ ಸಮಾನವಾದ ಸಮನ್ವಯದ ವಿಕಿ) ನಿಮ್ಮ ಗ್ಲೋಬಲ್.ಜೆಎಸ್ ಪುಟದಲ್ಲಿಡಿ, ನಿಮ್ಮ ಖಾತೆಗೆ ಎಲ್ಲ ವಿಕಿಗಳಲ್ಲೂ ಓಡುತ್ತದೆ. ವರ್ಗಗಳ ಹೆಸರಿಗೆ ಒಂದು ಚಿಕ್ಕ ಪಟ್ಟಿ ಸಾಕು: ಯಾವ ವಿಕಿ ಅಂತ ಹೇಳುವ ಡಬ್ಲ್ಯೂಜಿ‌ಡಿಬಿ‌ನೇಮ್ ‘ಕೆಎನ್‌ವಿಕಿ’ ಆದರೆ ಇದು, ‘ಎಂಎಲ್‌ವಿಕಿ’ ಆದರೆ ಅದು. ಪಟ್ಟಿಯಲ್ಲಿಲ್ಲದ ವಿಕಿಯಾದರೆ ಸುಮ್ನೆ ವಾಪಸ್ ಹೋಗಲಿ.

ಕುಂಬಳೆಕಡಲು:
ಮೆಟಾಗೆ ಹಾಕಿದೆ, ಮಲಯಾಳಂನಲ್ಲಿ ವರ್ಗ ಸರಿಯಾಗಿ ಸೇರುತ್ತಿದೆ. ಈಗ ಎರಡೆರಡು ಬಟನ್ ಕಾಣುತ್ತಿವೆ!

ಹೊಸೂರುವಾಸಿ:
ಎರಡೂ ವಿಕಿಗಳ ಕಾಮನ್.ಜೆಎಸ್‌ನಲ್ಲಿ ಹಳೆಯ ಪ್ರತಿ ಕೂತಿದೆ, ಅಲ್ವಾ? ಅಳಿಸಿ. ಮುಂದೆ ಪುಟವೇ ಕೆಟ್ಟಂತೆ ಕಂಡರೆ ವಿಳಾಸದ ಕೊನೆಗೆ ?ಸೇಫ್‌ಮೋಡ್=1 ಸೇರಿಸಿ. (ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.) ಆಗ ನಿಮ್ಮದಾಗಲಿ ಆ ವಿಕಿಯದಾಗಲಿ ಸೇರಿಸಿದ ಸ್ಕ್ರಿಪ್ಟ್ ಓಡುವುದಿಲ್ಲ, ತಪ್ಪು ಇಂಥ ಸ್ಕ್ರಿಪ್ಟಿನದೋ ವಿಕಿಯ ತಂತ್ರಾಂಶದ್ದೋ ಗೊತ್ತಾಗುತ್ತದೆ.

ಕುಂಬಳೆಕಡಲು:
ಅಳಿಸಿದೆ, ಒಂದೇ ಬಟನ್ ಈಗ. ಮಂಜೇಶ್ವರದ ಗೆಳೆಯರಿಬ್ಬರು ತಮಗೂ ಬೇಕು ಅನ್ನುತ್ತಿದ್ದಾರೆ. ಗ್ಯಾಜೆಟ್ (ಆ ವಿಕಿಯ ಬಳಕೆದಾರರು ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳುವ ಸ್ಕ್ರಿಪ್ಟ್) ಮಾಡಿಬಿಡಲೇ?

ಹೊಸೂರುವಾಸಿ:
ಇಬ್ಬರಿಗೆ ಗ್ಯಾಜೆಟ್ ಯಾಕೆ? ಅದಕ್ಕೆ ಇಂಟರ್‌ಫೇಸ್ ಅಡ್ಮಿನ್ (ವಿಕಿಯ ಕೋಡ್ ಪುಟಗಳನ್ನು ತಿದ್ದಬಲ್ಲವರು) ಬೇಕು, 2018ರಿಂದ ಮಾಮೂಲಿ ನಿರ್ವಾಹಕರಿಗೂ ಆ ಅಧಿಕಾರ ಇಲ್ಲ. ಕೋಡನ್ನು ಮೆಟಾದಲ್ಲಿ ನಿಮ್ಮ ಹೆಸರಿನ ಕೆಳಗೆ ಬೇರೆ .ಜೆಎಸ್ ಪುಟ ಮಾಡಿ ಇಡಿ, ಅವರು ಎಂಡಬ್ಲ್ಯೂ.ಲೋಡರ್.ಲೋಡ್‌ನಿಂದ ಕರೆದುಕೊಳ್ಳಲಿ. ವಿಳಾಸದಲ್ಲಿ ಆ್ಯಕ್ಷನ್=ರಾ, ಸಿಟೈಪ್=ಟೆಕ್ಸ್ಟ್/ಜಾವಾಸ್ಕ್ರಿಪ್ಟ್ ಎರಡೂ ಇರಲೇಬೇಕು. ಒಂದು ಮಾತು ಅವರಿಗೆ ಮೊದಲೇ ಹೇಳಿ: ನಿಮ್ಮ ಕೋಡ್ ಅವರ ಖಾತೆಯ ಅಧಿಕಾರದಲ್ಲೇ ಓಡುತ್ತದೆ, ನೀವು ಬದಲಾಯಿಸಿದ್ದೆಲ್ಲ ಅವರಿಗೂ ಹೋಗುತ್ತದೆ. ಪುಟದ ತಲೆಯಲ್ಲಿ ಮೂಲ ಬರೆದವರ ಹೆಸರು, ಕೊಂಡಿ ಹಾಕಿ, ಲೈಸೆನ್ಸ್ ಅದನ್ನು ಕೇಳುತ್ತದೆ.