ಅಪ್‌ಡೇಟ್: ಸೋಲಾರ್ ವಾಚ್‌ಗೆ ಜೀವ ಬಂತು

ದಿನಗಟ್ಟಲೆ ಬಿಸಿಲಲ್ಲಿಟ್ಟರೂ ನನ್ನ ಸೋಲಾರ್ ವಾಚ್ ಚಾರ್ಜ್ ಆಗುತ್ತಿಲ್ಲ, ಸೆಲ್ ಮನೆಯಲ್ಲೇ ಬದಲಾಯಿಸಬಹುದಾ ಅಂತ ಕೇಳಿದ್ದೆನಲ್ಲ, ಆ ಕೆಲಸ ನಿನ್ನೆ ಮುಗಿಯಿತು. ಒಳಗಿದ್ದದ್ದು ಸಿಟಿಎಲ್1616 ಅನ್ನೋ ರೀಚಾರ್ಜ್ ಆಗುವ ಸೆಲ್. ಅದೇ ಅಳತೆಯ ಸಿಆರ್1616 ಹಾಕಬೇಡಿ ಎಂದವರಿಗೆ ಥ್ಯಾಂಕ್ಸ್. ಸಿಆರ್1616 ರೀಚಾರ್ಜ್ ಆಗುವ ಸೆಲ್ ಅಲ್ಲ, ಚಾರ್ಜ್ ಹರಿದರೆ ಉಬ್ಬಿ ಸೋರಬಹುದು.

ಹೊಸ ಸೆಲ್ ಹಾಕಿದರೂ ಡಿಸ್‌ಪ್ಲೇ ಖಾಲಿ! ಎದೆ ಧಸಕ್ ಅಂತು. ಆಮೇಲೆ ನೋಡಿದರೆ, ವಾಚ್ ಒಳಗೆ ‘ಎಸಿ’ (ಆಲ್ ಕ್ಲಿಯರ್, ಅಂದರೆ ರೀಸೆಟ್) ಅಂತ ಬರೆದ ಜಾಗವನ್ನೂ ಸೆಲ್‌ನ ಪ್ಲಸ್ ಬದಿಯನ್ನೂ ಚಿಮುಟದಿಂದ ಎರಡು ಸೆಕೆಂಡ್ ಸೇರಿಸಿ ಹಿಡಿಯಬೇಕಿತ್ತು. ಹಿಡಿದೆ, ಅಂಕಿಗಳು ಮೂಡಿದವು.

ನಿಜ ಹೇಳಬೇಕೆಂದರೆ ಕಾಡಿದ್ದು ಸೆಲ್ ಅಲ್ಲ, ನೀರು ಒಳಗೆ ಹೋಗದಂತೆ ತಡೆಯುವ, ಹಿಂದಿನ ಮುಚ್ಚಳದ ರಬ್ಬರ್ ರಿಂಗ್. ಮೂರು ಸಲ ಜಾರಿತು. ಕೊನೆಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದೆ. ನೀರು ಒಳಗೆ ಹೋಗುತ್ತಾ ಅಂತ ನೋಡುವ ಪ್ರೆಷರ್ ಟೆಸ್ಟ್ ಇನ್ನೂ ಮಾಡಿಸಿಲ್ಲ, ಅಲ್ಲಿಯವರೆಗೆ ವಾಚ್ ನೀರಿನಿಂದ ದೂರ.